ಸಾಯೋ ಪಂದ್ಯಕ್ಕೆ ಯಾವ ರೂಲ್ಸ್ ಸರಿ? ಐದು ಸಿಸ್ಟಮ್ ಆಡಿ ನೋಡಿದ್ವಿ

ಮೇಜಿನ ಸುತ್ತ ಕೂತು ಒಬ್ಬೊಬ್ರೂ ಒಂದೊಂದು ಪಾತ್ರ ಆಗಿ ಆಡೋ ರೋಲ್‌ಪ್ಲೇಯಿಂಗ್ ಆಟ ನಮ್ಮದು, ಸಿಸ್ಟಮ್ ಅಂದ್ರೆ ಅದಕ್ಕಿರೋ ರೂಲ್ಸ್. ಕಥೆ ಇಷ್ಟು. ರಾಜ ಹನ್ನೆರಡು ಜನ ಜಟ್ಟಿಗಳನ್ನ ಕಾಡೊಳಕ್ಕೆ ಬಿಡ್ತಾನೆ, ಮೂರು ದಿನ ಟೈಮು, ಈಚೆಗೆ ಬರೋದು ಒಬ್ರೇ. ವಿಜಯದಶಮಿ ದಿನ ನಮ್ಮ ಮೈಸೂರು ಅರಮನೇಲಿ ವಜ್ರಮುಷ್ಟಿ ಕಾಳಗ ಆಗುತ್ತಲ್ಲ, ತಲೆ ಬೋಳಿಸ್ಕೊಂಡು ಅಖಾಡಕ್ಕೆ ಇಳೀತಾರೆ, ಒಬ್ಬನ ತಲೇಲಿ ರಕ್ತ ಕಂಡ ತಕ್ಷಣ ಮುಗೀತು ಅಂತ ಬಿಡಿಸ್ಬಿಡ್ತಾರೆ. ಅದನ್ನ ನೋಡ್ತಾ ನೋಡ್ತಾನೇ ನಂಗೆ ಹೊಳೆದಿದ್ದು, ರಕ್ತ ಬಂದ್ಮೇಲೂ ಯಾರೂ ಬಿಡಿಸದೇ ಇದ್ರೆ ಏನಾಗುತ್ತೆ ಅಂತ. ಐದು ಜನ ಆಟಗಾರರಿಗೆ ಐದು ಜಟ್ಟಿ, ಉಳಿದ ಏಳು ಆಟ ನಡೆಸೋ ಜಿಎಂ (ಗೇಮ್ ಮಾಸ್ಟರ್) ಆದ ನನ್ನ ಕೈಲಿ. ಕುವೆಂಪುನಗರದ ನಮ್ಮನೆ ಮಹಡೀಲಿ ಐದು ಭಾನುವಾರ ಕೂತು, ವಾರಕ್ಕೊಂದು ಸಿಸ್ಟಮ್ ತರ, ಕಥೆಯ ಮೊದಲನೇ ದಿನವನ್ನಷ್ಟೇ ಮತ್ತೆ ಮತ್ತೆ ಆಡಿದ್ವಿ.

ಮೊದಲು ಎಲ್ರಿಗೂ ಗೊತ್ತಿರೋ ಡಂಜನ್ಸ್ ಅಂಡ್ ಡ್ರಾಗನ್ಸ್, 2014ರ ಐದನೇ ಆವೃತ್ತಿ, ಮೂರನೇ ಲೆವೆಲ್ಲಿಂದ ಶುರು. ಫೈಟರ್‌ಗೆ 28 ಹಿಟ್ ಪಾಯಿಂಟ್, ಅಂದ್ರೆ ಏಟು ತಡ್ಕೊಳ್ಳೋ ಅಂಕ, ಇತ್ತು, ಕತ್ತಿ ಏಟಿಗೆ ಹೋಗೋದು ಏಳೋ ಎಂಟೋ, ಅಂದ್ರೆ ನಾಲ್ಕು ಏಟು ತಿಂದ್ರೂ ಕೆಲವು ಸಲ ನಿಂತೇ ಇರ್ತಾನೆ. ಸೊನ್ನೆಗೆ ಬಂದ್ರೂ ಸಾಯಲ್ಲ, ಪ್ರಜ್ಞೆ ತಪ್ಪುತ್ತೆ, ಇಪ್ಪತ್ತು ಮುಖದ ಡೈಸ್ ಹಾಕ್ತಾ ಹೋಗ್ಬೇಕು, ಮೂರು ಸಲ ಹತ್ತರ ಕೆಳಗೆ ಬಿದ್ರೆ ಆಗ ಸಾವು. ಗೆಳೆಯರೆಲ್ಲ ಒಂದು ಗುಂಪಾಗಿ ಆಡುವಾಗ ಇದು ಚೆನ್ನಾಗಿರೋ ರೂಲೇ. ಪಂದ್ಯದಲ್ಲಿ ಮಾತ್ರ ಕಷ್ಟ ಆಯ್ತು, ಬಿದ್ದವನನ್ನ ಮುಗಿಸ್ಬೇಕು ಅಂದ್ರೆ ಪ್ರಜ್ಞೆ ಇಲ್ಲದೇ ಮಲಗಿರೋನ ಪಕ್ಕ ನಿಂತು ಮತ್ತೆ ಎರಡು ಸಲ ಹೊಡೀಬೇಕು. ಒಬ್ಬ ಮೊದಲನೇ ಏಟು ಹಾಕ್ದ, ಎರಡನೇ ಸಲಕ್ಕೆ ಡೈಸ್ ಕೈಲಿ ಹಿಡ್ಕೊಂಡೇ ಸುಮ್ನೆ ಕೂತ, ಆಮೇಲೆ 'ಆಗಲ್ಲ ಕಣೋ' ಅಂತ ಮೇಜಿನ ಮೇಲಿಟ್ಬಿಟ್ಟ. ಅವತ್ತು ಐದು ಗಂಟೆ ಆಡಿದ್ರೂ ಐದು ಜನದಲ್ಲಿ ಒಬ್ರೂ ಸಾಯ್ಲಿಲ್ಲ.

ಗರ್ಪ್ಸ್ ಇದಕ್ಕೆ ಪೂರ್ತಿ ಉಲ್ಟಾ. 1986ರಲ್ಲಿ ಬಂದ ಸಿಸ್ಟಮ್, ಈಗಿರೋ ನಾಲ್ಕನೇ ಆವೃತ್ತಿ 2004ರದ್ದು, ಮೂರು ಡೈಸ್ ಹಾಕಿ ನಿಮ್ಮ ಸ್ಕಿಲ್‌ನಷ್ಟೇ ಅಥವಾ ಅದಕ್ಕಿಂತ ಕಮ್ಮಿ ಬೀಳಿಸ್ಬೇಕು, ಒಂದು ಟರ್ನ್ ಅಂದ್ರೆ ಒಂದೇ ಸೆಕೆಂಡು. ಕೈ ತಿರುಚೋದು, ಕತ್ತು ಹಿಡಿಯೋದು, ನೆಲಕ್ಕೆ ಒತ್ತಿ ಹಿಡಿಯೋದು ಎಲ್ಲಕ್ಕೂ ಬೇರೆ ಬೇರೆ ರೂಲ್ ಇದೆ. ನಮ್ಮಲ್ಲೊಬ್ಬ ಚಿಕ್ಕ ವಯಸ್ಸಲ್ಲಿ ಗರಡಿ ಮನೇಗೆ ಹೋಗ್ತಿದ್ದೋನು, ಅವನಿಗಂತೂ ಇದು ಬಿಟ್ರೆ ಬೇರೆ ಬೇಡವೇ ಬೇಡ, ಕುಸ್ತಿ ಅಂದ್ರೆ ಹಿಂಗೇ ಇರೋದು ಅಂತ. ಅವನು ಹೇಳಿದ್ದು ನಿಜಾನೇ, ಆದ್ರೆ ಕ್ಯಾರೆಕ್ಟರ್ ಮಾಡೋಕೇ ಮೂರು ಗಂಟೆ ಹೋಯ್ತು, ಹನ್ನೊಂದು ಸೆಕೆಂಡಿನ ಜಗಳಕ್ಕೆ ಒಂದು ಗಂಟೆ ಹಿಡೀತು, ಅಷ್ಟೊತ್ತು ಕೂತು ಕಟ್ಟಿದ ಜಟ್ಟಿ ಸತ್ತೋದ್ಮೇಲೆ ನಮ್ಮ ಗುಂಪಿನ ಒಬ್ಬ ಹುಡುಗಿ ಮಿಕ್ಕಿದ ಸಂಜೆಯೆಲ್ಲ ಕಿಟಕಿ ಕಡೆ ನೋಡ್ತಾ ಕೂತಿದ್ಲು. ಅದನ್ನ ನೋಡೋಕೆ ನಂಗೆ ಆಗ್ಲಿಲ್ಲ.

ಸ್ಯಾವೇಜ್ ವರ್ಲ್ಡ್ಸ್ ಆಡಿದ ವಾರ ಮಹಡಿ ತುಂಬ ಗಲಾಟೆ. ಯಾರು ಮೊದಲು ಅನ್ನೋದನ್ನ ಇಸ್ಪೀಟ್ ಎಲೆ ಹಂಚಿ ನೋಡ್ತಾರೆ, ಡೈಸಲ್ಲಿ ಅತಿ ದೊಡ್ಡ ನಂಬರ್ ಬಿದ್ರೆ ಅದೇ ಡೈಸ್ ಮತ್ತೆ ಹಾಕಿ ಕೂಡಿಸ್ಕೊಳ್ತಾ ಹೋಗೋದು, ಚೌಕಾಬಾರದಲ್ಲಿ ಚೌಕ ಬಿದ್ರೆ ಇನ್ನೊಂದ್ಸಲ ಕವಡೆ ಹಾಕ್ತೀವಲ್ಲ ಆ ತರ. ಶುರುವಲ್ಲಿ ಪ್ರತಿಯೊಬ್ರಿಗೂ ಬೆನ್ನಿ ಅನ್ನೋ ಮೂರು ಟೋಕನ್ ಕೊಡ್ತಾರೆ, ಕೆಟ್ಟ ರೋಲನ್ನ ಮತ್ತೆ ಹಾಕೋಕೆ, ಬಿದ್ದ ಗಾಯ ತಪ್ಪಿಸ್ಕೊಳ್ಳೋಕೆ. ಅದಕ್ಕೆ ನಾವು ಹುಣಸೆ ಬೀಜ ಇಟ್ಕೊಂಡ್ವಿ, ನೋಡೋ ಜನ ಮೆಚ್ಚುವಂಥದ್ದು ಮಾಡಿದ್ರೆ ಇನ್ನೊಂದು ಬೀಜ ಅಂತ ಸೇರಿಸಿದ್ವಿ, ಪಂದ್ಯದ ಕಥೆಗೆ ಅದು ಎಷ್ಟು ಚೆನ್ನಾಗಿ ಕೂತ್ಕೊಂತು ಅಂದ್ರೆ ಇದನ್ನೇ ಆರಿಸ್ಬಿಡೋಣ ಅಂತ ಅರ್ಧ ಮನಸ್ಸು ಮಾಡ್ಬಿಟ್ಟಿದ್ದೆ. ತಡೆದಿದ್ದು ಏನಂದ್ರೆ ಬೀಜ ಇರೋವರೆಗೂ ಯಾರಿಗೂ ಭಯ ಇಲ್ಲ, ಮುಗಿದ್ಮೇಲೆ ಒಂದು ಡೈಸಲ್ಲಿ ಮೂರು ಸಲ ಅತಿ ದೊಡ್ಡ ನಂಬರೇ ಬಿದ್ದು ಚೆನ್ನಾಗಿದ್ದೋನು ಒಂದೇ ಏಟಿಗೆ ಹೋದ. 'ನಾನೇನ್ ತಪ್ಪ್ ಮಾಡ್ದೆ ಹೇಳು' ಅಂದ. ಏನೂ ತಪ್ಪು ಮಾಡಿರ್ಲಿಲ್ಲ.

ಡ್ರೆಡ್‌ನಲ್ಲಿ ಡೈಸೇ ಇಲ್ಲ, ಮರದ ತುಂಡು ಪೇರಿಸಿದ ಜೆಂಗಾ ಗೋಪುರ ಇದೆ, ಕಷ್ಟದ ಕೆಲಸ ಮಾಡ್ಬೇಕಾದ್ರೆ ಒಂದು ತುಂಡು ಎಳೀಬೇಕು, ಯಾರ ಕೈಲಿ ಗೋಪುರ ಬೀಳುತ್ತೋ ಅವರ ಪಾತ್ರ ಆಟದಿಂದ ಹೊರಗೆ, ನಮ್ಮ ಕಥೇಲಿ ಸಾವು. ಭಯಕ್ಕೆ ಇದನ್ನ ಮೀರಿಸಿದ್ದು ನಾನು ಕಂಡಿಲ್ಲ, ಆರು ಜನ ಉಸಿರು ಬಿಗಿ ಹಿಡಿದು ಕೂತಿದ್ವಿ. ಆದ್ರೆ ನಮ್ಮ ಗುಂಪಲ್ಲಿ ಒಬ್ರಿಗೆ ಕೈ ನಡುಗೋ ತೊಂದರೆ ಇದೆ, ಅವ್ರ ಪರವಾಗಿ ಬೇರೆಯವ್ರು ಎಳೆದ್ರು, ಅವ್ರು ನಕ್ಕೊಂಡೇ ಇದ್ರು, ಆದ್ರೂ ನಂಗೆ ಸರಿ ಕಾಣ್ಲಿಲ್ಲ. ಒಂದು ರಾತ್ರೀಲಿ ಮುಗಿಯೋ ಕಥೆಗಾದ್ರೆ ಇದನ್ನೇ ತಗೊಳ್ಳಿ, ಮೂರು ದಿನದ್ದಕ್ಕೆ ಬೇಡ.

ಕೊನೇಗೆ ಕೇರ್ನ್. ಬುಕ್ಕು ಚಿಕ್ಕದು, ಪಿಡಿಎಫ್ ಫ್ರೀ ಸಿಗುತ್ತೆ. ಇದರಲ್ಲಿ ಏಟು ತಗುಲ್ತೋ ಇಲ್ವೋ ಅನ್ನೋ ರೋಲೇ ಇಲ್ಲ, ಕತ್ತಿ ಬೀಸಿದ್ರೆ ತಗುಲ್ತು ಅಂತಲೇ ಅರ್ಥ, ಎಷ್ಟು ಅನ್ನೋದಕ್ಕಷ್ಟೇ ಡೈಸ್. ಗಾಯ ಆಗದ ಹಾಗೆ ಕಾಯೋ ಹಿಟ್ ಪ್ರೊಟೆಕ್ಷನ್ ಶುರುವಲ್ಲಿ ಒಂದರಿಂದ ಆರರ ಒಳಗೆ, ಅದು ಮುಗಿದ್ಮೇಲೆ ಏಟು ನೇರ ಶಕ್ತಿಗೇ ಬೀಳುತ್ತೆ, ಆಗೊಂದು ಸೇವ್, ಅಂದ್ರೆ ತಡ್ಕೊಳ್ಳೋಕೆ ಹಾಕೋ ರೋಲ್, ತಪ್ಪಿದ್ರೆ ನೆಲಕ್ಕೆ, ಒಂದು ಗಂಟೆ ಒಳಗೆ ಯಾರೂ ಆರೈಕೆ ಮಾಡ್ಲಿಲ್ಲ ಅಂದ್ರೆ ಸಾವು. ನಮ್ಮ ಪಂದ್ಯದಲ್ಲಿ ಬಿದ್ದ ಎದುರಾಳಿಯನ್ನ ಯಾರು ಆರೈಕೆ ಮಾಡ್ತಾರೆ? ಮತ್ತೆ ಹೊಡೆಯೋದೇ ಬೇಡ, ಬಿಟ್ಟು ನಡೆದ್ರೆ ಸಾಕು. ಮೊದಲ ವಾರ ಡೈಸ್ ಕೆಳಗಿಟ್ಟನಲ್ಲ, ಅವನೇ ಇಲ್ಲಿ ಬಿದ್ದವನ ಪಕ್ಕ ನೀರಿನ ಬುರುಡೆ ಇಟ್ಟು ಹೋದ.

ಸಾಮಾನು ಹೊರೋಕೆ ಹತ್ತೇ ಜಾಗ, ಸುಸ್ತಾದ್ರೆ ಆ ಸುಸ್ತೂ ಒಂದು ಜಾಗ ತಿನ್ನುತ್ತೆ, ಹತ್ತೂ ತುಂಬಿದ್ರೆ ಹಿಟ್ ಪ್ರೊಟೆಕ್ಷನ್ ಸೊನ್ನೆ. ಗರಡಿ ಹುಡುಗ ಸತ್ತೋನ ಈಟಿ ಎತ್ತಿಕೊಂಡ, ಎತ್ಕೊಂಡ್ಮೇಲೆ ಪಾತ್ರದ ವಿವರ ಬರೆದಿಟ್ಟ ಶೀಟ್ ನೋಡ್ದ, ಹತ್ತೂ ತುಂಬಿತ್ತು. ಅಕ್ಕಿ ಗಂಟು ಬಿಡ್ಲಾ ಈಟಿ ಬಿಡ್ಲಾ ಅಂತ ಅವನು ಯೋಚಿಸ್ತಿರೋವಾಗ್ಲೇ ಎದುರಿಗೆ ಕೂತಿದ್ದೋಳು ಅವನ ಶೀಟನ್ನೇ ನೋಡ್ತಿದ್ಲು. ಇಬ್ರು ಆಟಗಾರರೇ ಎದುರುಬದುರಾದಾಗ ಏನ್ ಮಾಡ್ತೀವಿ ಅಂತ ಚೀಟೀಲಿ ಬರೆದು ಒಟ್ಟಿಗೆ ತೆಗೀಬೇಕು ಅನ್ನೋದು ನಾವೇ ಹಾಕ್ಕೊಂಡ ರೂಲು. ಚೀಟಿ ಬಿಚ್ಚಿದ್ವಿ. ಅವನು 'ಅಕ್ಕಿ ಕೊಡ್ತೀನಿ, ಜೊತೆಗಿರೋಣ' ಅಂತ ಬರೆದಿದ್ದ, ಅವಳು 'ಹೊಡೀತೀನಿ' ಅಂತ. ಅವನು ಸತ್ತ, ಆದ್ರೆ ಯಾಕೆ ಸತ್ತೆ ಅಂತ ಅವನು ಯಾರನ್ನೂ ಕೇಳ್ಲಿಲ್ಲ, ಈಟಿ ಎತ್ತಿಕೊಂಡಾಗ್ಲೇ ಅವನಿಗೆ ಗೊತ್ತಾಗಿತ್ತು. ನಂಗೆ ಬೇಕಾಗಿದ್ದ ಸಾವು ಇದು.

ಕುಸ್ತಿ ಪಟ್ಟುಗಳಿಗೆ ಕೇರ್ನ್‌ನಲ್ಲಿ ಹೆಚ್ಚೇನೂ ರೂಲ್ ಇಲ್ಲ, ಗರಡಿ ಹುಡುಗನಿಗೆ ಇವತ್ತಿಗೂ ಆ ಬೇಜಾರಿದೆ. ಹುಣಸೆ ಬೀಜ ಮಾತ್ರ ಉಳಿಸ್ಕೊಂಡಿದೀವಿ, ಆದ್ರೆ ರೋಲ್ ತಿದ್ದೋಕಲ್ಲ, ಒಂದು ಬೀಜ ಕೊಟ್ರೆ ರಾಜನ ಕಡೆಯಿಂದ ಒಂದು ಹೊತ್ತಿನ ಊಟ. ನನ್ನ ಹತ್ರ ಇರೋ ಏಳು ಜಟ್ಟಿಗಳ ಶೀಟನ್ನ ಮೇಜಿನ ಮಧ್ಯದಲ್ಲಿ ಮಗುಚಿ ಇಡ್ತೀನಿ, ಸತ್ತೋರು ಅದರಲ್ಲೊಂದು ಎತ್ಕೊಂಡು ಅಲ್ಲಿಂದಲೇ ಆಟ ಮುಂದುವರಿಸ್ಬಹುದು, ಯಾರೂ ಕಿಟಕಿ ನೋಡ್ತಾ ಕೂರೋ ಹಾಗಿಲ್ಲ. ದಸರಾ ರಜೇಲಿ ಮೂರೂ ದಿನದ್ದು ಪೂರ್ತಿ ಆಡ್ತೀವಿ, ಗರಡಿ ಹುಡುಗ ಈಗ್ಲೇ ಹೇಳಿದಾನೆ, ಈ ಸಲ ಈಟಿ ಮುಟ್ಟಲ್ಲ ಅಂತ.