ಎಫ್‌ಬಿಎಸ್ ಮಾಡಿಸಲೋ, ಎಚ್‌ಬಿಎ1ಸಿ ಮಾಡಿಸಲೋ?

ಎರಡೂ ಶುಗರ್ ಟೆಸ್ಟೇ. ಆದರೆ ಅಳೆಯುವುದು ಬೇರೆ ಬೇರೆ.

ಎಫ್‌ಬಿಎಸ್ ಅಂದರೆ ಖಾಲಿ ಹೊಟ್ಟೆಯ ಶುಗರ್. ಕನಿಷ್ಠ 8 ಗಂಟೆ ನೀರು ಬಿಟ್ಟು ಏನೂ ಬೇಡ, ಕಾಫಿ ಕೂಡ. ಸಿಗುವುದು ಆ ಹೊತ್ತಿನ ಲೆಕ್ಕ ಮಾತ್ರ. 126 ಅಥವಾ ಜಾಸ್ತಿ ಬಂದರೆ ಮಧುಮೇಹದ ಗುರುತು. ಖರ್ಚು ಕಡಿಮೆ.

ಎಚ್‌ಬಿಎ1ಸಿ ಹೆಸರಿನಲ್ಲೇ ಅರ್ಥವಿದೆ. ‘ಎಚ್‌ಬಿ’ ಅಂದರೆ ಹಿಮೋಗ್ಲೋಬಿನ್, ರಕ್ತಕ್ಕೆ ಕೆಂಪು ಬಣ್ಣ ಕೊಡುವ ವಸ್ತು. ‘ಎ’ ಅಂದರೆ ದೊಡ್ಡವರಲ್ಲಿರುವ ಬಗೆ. ರಕ್ತದ ಸಕ್ಕರೆ ಇದಕ್ಕೆ ಅಂಟಿಕೊಳ್ಳುತ್ತದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಹಾಗಾಗಿ 2–3 ತಿಂಗಳ ಸರಾಸರಿ ಗೊತ್ತಾಗುತ್ತದೆ. ಟೆಸ್ಟಿನ ಹಿಂದಿನ ದಿನ ಮಾತ್ರ ಸಿಹಿ ಬಿಟ್ಟರೆ ಇದು ಇಳಿಯುವುದಿಲ್ಲ! ಉಪವಾಸವೂ ಬೇಕಿಲ್ಲ. ಶೇ. 6.5 ಅಥವಾ ಜಾಸ್ತಿ ಬಂದರೆ ಮಧುಮೇಹದ ಗುರುತು.

ಆದರೆ ರಕ್ತಹೀನತೆ ಇರುವವರು, ಗರ್ಭಿಣಿಯರು, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ಇದರ ಲೆಕ್ಕ ತಪ್ಪಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವುದು ಎಷ್ಟು ಸಾಮಾನ್ಯ ಅಲ್ವಾ? ಅದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಮೊದಲ ಸಲ ನೋಡಿಸುವವರಿಗೆ ಎಫ್‌ಬಿಎಸ್ ಒಳ್ಳೆಯ ಆರಂಭ. ಶುಗರ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಎಚ್‌ಬಿಎ1ಸಿ ಬೇಕೇ ಬೇಕು. ಎಫ್‌ಬಿಎಸ್ 100ರಿಂದ 125ರ ನಡುವೆ ಬಂತೇ? ಎರಡನೆಯದನ್ನೂ ಮಾಡಿಸಿ.