ಐಇಎಲ್‌ಟಿಎಸ್ ರೈಟಿಂಗ್ ತಿದ್ದಿಕೊಡುವ ಆನ್‌ಲೈನ್ ಸೇವೆ: ಒಂಬತ್ತು ತಿಂಗಳು ಬಳಸಿದ ಮೇಲೆ

ನಾನು ತುಮಕೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ನರ್ಸ್ ಆಗಿ ಇಂಗ್ಲೆಂಡಿಗೆ ಹೋಗಬೇಕೆಂದರೆ, ಅಲ್ಲಿ ನರ್ಸ್‌ಗಳನ್ನು ನೋಂದಾಯಿಸಿಕೊಳ್ಳುವ ಎನ್‌ಎಂಸಿ, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರರಲ್ಲೂ 7 ಬ್ಯಾಂಡ್ (ಒಂಬತ್ತರ ಅಳತೆಯ ಅಂಕ), ರೈಟಿಂಗ್‌ನಲ್ಲಿ 6.5 ಕೇಳುತ್ತದೆ. ಮೊದಲ ಸಲ ಮೂರೂ ದಾಟಿದೆ, ರೈಟಿಂಗ್ 6ಕ್ಕೆ ನಿಂತಿತು. ಅರ್ಧ ಬ್ಯಾಂಡಿಗೆ ಕಟ್ಟಿದ ಫೀಸೆಲ್ಲ ಹೋಯಿತಲ್ಲ ಎಂದು ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಹಿಡಿದದ್ದು ಈ ಸೇವೆ. ಹತ್ತು ಬರಹಕ್ಕೆ 2,500 ರೂಪಾಯಿ. ಬರೆದು ಕಳಿಸಿದರೆ ತಿದ್ದಿ, ಬ್ಯಾಂಡ್ ಹಾಕಿ, ವಾಯ್ಸ್ ನೋಟ್ ಕೂಡ ಕಳಿಸುತ್ತಾರೆ. ದೂರೂ ಇರುವುದರಿಂದ ಸೇವೆಯ ಹೆಸರು ಹಾಕುವುದಿಲ್ಲ.

ನೈಟ್ ಡ್ಯೂಟಿ ಮುಗಿಸಿ ಕ್ಯಾತ್ಸಂದ್ರದ ರೂಮಿನಲ್ಲಿ ಕೂತು ಬರೆದ ಮೊದಲ ಪ್ರಬಂಧ ಇನ್ನೂ ಇಟ್ಟುಕೊಂಡಿದ್ದೇನೆ. ಸರ್ಕಾರ ಚಿಕಿತ್ಸೆಗಿಂತ ರೋಗ ಬಾರದಂತೆ ತಡೆಯಲು ಹೆಚ್ಚು ಖರ್ಚು ಮಾಡಬೇಕು, ಇದನ್ನು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ ಎಂಬ ಪ್ರಶ್ನೆ. ನನ್ನದೇ ಕ್ಷೇತ್ರ ಅಂತ 340 ಪದ ತುಂಬಿಸಿದ್ದೆ. ವಾಯ್ಸ್ ನೋಟ್ ಬಂತು: 'ಸಿಸ್ಟರ್, ನೀವು ಒಪ್ತೀರೋ ಇಲ್ವೋ? ನಾಲ್ಕು ಪ್ಯಾರಾ ಓದಿದೆ, ಎಲ್ಲೂ ಸಿಗಲಿಲ್ಲ.' ಅದೇ ಪ್ರಶ್ನೆಗೆ ಮೂರು ಸಲ ಬರೆಸಿದರು. ಕೋಚಿಂಗ್‌ನಲ್ಲಿ ಉರು ಹೊಡೆದಿದ್ದ ದೊಡ್ಡ ದೊಡ್ಡ ಸಾಲುಗಳೆಲ್ಲ ಕೆಂಪಾದವು. ಮೂರನೆಯದು 270 ಪದ. ಮೊದಲ ಪ್ಯಾರಾದಲ್ಲೇ ನನ್ನ ನಿಲುವು ಇತ್ತು. ನನಗೆ ಬೇಕಾಗಿದ್ದದ್ದು ಹೊಸ ಶಬ್ದಗಳಲ್ಲ ಅಂತ ಆವತ್ತು ಗೊತ್ತಾಯಿತು.

ಭಾಷೆಯ ತಪ್ಪುಗಳೂ ವಾರ್ಡಿನಿಂದಲೇ ಬಂದಿದ್ದವು. ಡ್ಯೂಟಿ ಬದಲಾಗುವಾಗಿನ ಹ್ಯಾಂಡ್‌ಓವರ್‌ನಲ್ಲಿ ದಿನಾ 'ಹ್ಯಾಸ್ ಎ ಫೀವರ್' ಅನ್ನುವ ಬದಲು 'ಪೇಷಂಟ್ ಈಸ್ ಹ್ಯಾವಿಂಗ್ ಫೀವರ್' ಅನ್ನುತ್ತೇವೆ, ಯಾರೂ ತಿದ್ದುವುದಿಲ್ಲ. 'ಈಕ್ವಿಪ್‌ಮೆಂಟ್ಸ್' ಎಂದು ಹನ್ನೊಂದು ಬರಹಗಳಲ್ಲಿ ಬರೆದಿದ್ದೇನೆ. ಆ ಪದಕ್ಕೆ ಕೊನೆಯ 'ಎಸ್' ಇಲ್ಲವೇ ಇಲ್ಲ. 'ಎ', 'ದಿ' ಎಲ್ಲಿ ಹಾಕಬೇಕು ಎನ್ನುವುದು ಕನ್ನಡದವರಿಗೆ ನಿಜಕ್ಕೂ ಕಷ್ಟ. ಅದಕ್ಕೆಂದೇ ಪ್ರತಿ ಬರಹದ ಕೊನೆಯ ಎರಡು ನಿಮಿಷ ಮೀಸಲಿಡಿಸಿದರು.

ಐದು ತಿಂಗಳಾದ ಮೇಲೆ ತಿದ್ದುವವರು ಬದಲಾದರು. ಹೊಸಬರದು ಬರೀ 'ಗುಡ್', ಮೇಲೆ 7. ಅನುಮಾನ ಬಂದು, ಮೊದಲಿನವರು 6 ಕೊಟ್ಟಿದ್ದ ಹಳೆಯ ಬರಹವನ್ನೇ ಕಳಿಸಿದೆ. ಅದಕ್ಕೂ 7! ಪರೀಕ್ಷೆಗೆ ದುಡ್ಡು ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಬೇಡ. ಜಗಳ ಮಾಡಿ ಹಳಬರನ್ನೇ ವಾಪಸ್ ಪಡೆದೆ. 48 ಗಂಟೆಯಲ್ಲಿ ತಿದ್ದಿ ಕಳಿಸುತ್ತೇವೆ ಅಂದದ್ದು ಒಮ್ಮೆ ಆರು ದಿನವೂ ಆಗಿದೆ.

ರೈಟಿಂಗ್‌ನ ಮೊದಲ ಭಾಗ, ಗ್ರಾಫ್ ನೋಡಿ ಬರೆಯುವ ಟಾಸ್ಕ್ ಒನ್‌ಗೆ ಈ ಸೇವೆ ಸಾಲದು. ಗ್ರಾಫ್ ಬರಹದಲ್ಲಿ ವ್ಯಾಕರಣ ತಿದ್ದಿದರೇ ಹೊರತು, ಒಟ್ಟಾರೆ ಚಿತ್ರ ಹೇಳುವ ಓವರ್‌ವ್ಯೂ ನಾನು ಬಿಟ್ಟಿದ್ದನ್ನು ಯಾರೂ ಹೇಳಲಿಲ್ಲ. ಯಾವ ಬ್ಯಾಂಡಿಗೆ ಏನು ಬೇಕೆಂದು ಹೇಳುವ, ಐಇಎಲ್‌ಟಿಎಸ್‌ನವರೇ ಉಚಿತವಾಗಿ ಕೊಡುವ ಬ್ಯಾಂಡ್ ಡಿಸ್ಕ್ರಿಪ್ಟರ್ಸ್ ಓದಿ ನಾನೇ ಕಂಡುಕೊಂಡೆ. ಆದರೂ ಪ್ರಬಂಧ ಬರೆಯುವ ಟಾಸ್ಕ್ ಟುಗೆ ಅದರ ಎರಡರಷ್ಟು ತೂಕ ಇರುವುದರಿಂದ ನನಗೆ ನಷ್ಟವಾಗಲಿಲ್ಲ. ಇನ್ನೊಂದು ಮಾತು: ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯುವವರು ಟೈಪ್ ಮಾಡಿಯೇ ಅಭ್ಯಾಸ ಮಾಡಿ. ಪದಗಳ ಲೆಕ್ಕ ತೆರೆಯ ಮೇಲೇ ಕಾಣುತ್ತದೆ, ಸ್ಪೆಲಿಂಗ್ ಮಾತ್ರ ಯಾರೂ ತಿದ್ದಿಕೊಡುವುದಿಲ್ಲ. ನಾನು ಮೊದಲ ನಾಲ್ಕು ತಿಂಗಳು ನೋಟ್‌ಬುಕ್ಕಿನಲ್ಲೇ ಕಳೆದೆ.

ಎರಡನೇ ಸಲ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಬರೆದೆ. ರೈಟಿಂಗ್ 6.5 ಬಂತು.

ಐದಕ್ಕೆ ನಾಲ್ಕು ಸ್ಟಾರ್. ಸೇರುವವರು ಹತ್ತರ ಪ್ಯಾಕ್ ಮಾತ್ರ ತೆಗೆದುಕೊಳ್ಳಿ, ಕೊನೆಯವರೆಗೂ ಒಬ್ಬರೇ ತಿದ್ದುತ್ತಾರಾ ಅಂತ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ. ಆಮೇಲೆ ನಾನು ತೆಗೆದುಕೊಂಡ ನಲವತ್ತರ ಪ್ಯಾಕ್‌ನಲ್ಲಿ ಇನ್ನೂ ಹನ್ನೆರಡು ಉಳಿದಿವೆ, ದುಡ್ಡು ವಾಪಸ್ ಕೊಡುವುದಿಲ್ಲವಂತೆ.