ಗುಜರಿ ಇಸಿಯು ಹಾಕಿಸಿ ಮೂರನೇ ಮಳೆಗಾಲ: ಇಂಜಿನ್ ನಾಕಿಂಗ್ ಹೋಯಿತಾ?

ಮೊದಲೇ ಹೇಳಿಬಿಡುತ್ತೇನೆ. ಹೋಯಿತು. 2023ರ ಬೇಸಿಗೆಯಲ್ಲಿ ಸೆಕೆಂಡ್ ಹ್ಯಾಂಡ್ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಹಾಕಿಸಿದ್ದು. ಎರಡು ಮಳೆಗಾಲ ದಾಟಿ ಈಗ ಮೂರನೆಯದೂ ಮುಗಿಯುತ್ತಾ ಬಂದಿದೆ. ಆ ಹಾಳು ಸದ್ದು ಮತ್ತೆ ಬಂದಿಲ್ಲ. ಆದರೆ ಇಸಿಯು ತನಕ ತಲುಪಿದ ದಾರಿ ಉದ್ದವಾಗಿತ್ತು. ಹಣ ಪೋಲಾದದ್ದು ಇಸಿಯುಗಲ್ಲ, ಆ ದಾರಿಯಲ್ಲಿ.

ಕಾರು 2011ರ ಮಾಡೆಲ್, 1.2 ಲೀಟರ್ ಪೆಟ್ರೋಲ್, ನಾಲ್ಕು ಸಿಲಿಂಡರ್. ಕಂಪನಿ ಹೆಸರು ಬೇಡ ಬಿಡಿ. ಈ ಕಥೆ ಯಾವ ಕಾರಿಗೂ ಆಗಬಹುದು. ಓಡಾಟ ಹೆಚ್ಚಾಗಿ ಸುಳ್ಯ, ಪುತ್ತೂರು ಕಡೆ. ಆಗಾಗ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ.

ಸದ್ದು ಶುರುವಾದದ್ದು 2022ರ ಮಳೆಗಾಲದ ಕೊನೆಯಲ್ಲಿ. ಏರಿನಲ್ಲಿ, ಮೂರನೇ ಗೇರಿನಲ್ಲಿ, ಎಸಿ ಹಾಕಿಕೊಂಡು ಆಕ್ಸಿಲರೇಟರ್ ಒತ್ತಿದರೆ ಬಾನೆಟ್ ಒಳಗಿಂದ ಕಿಣಿಕಿಣಿ. ಕಾಲು ಸಡಿಲಿಸಿದರೆ ನಿಲ್ಲುತ್ತದೆ. ಗೇರ್ ಇಳಿಸಿದರೂ ನಿಲ್ಲುತ್ತದೆ. ಐಡಲ್‌ನಲ್ಲಿ ಏನೂ ಇಲ್ಲ. ಸೆಕೆಯ ಮಧ್ಯಾಹ್ನ ಜಾಸ್ತಿ. ಮಡಿಕೇರಿ ಹತ್ತಿರವಾಗಿ ಗಾಳಿ ತಂಪಾದಂತೆ ಕಡಿಮೆ. ಈ ಲಕ್ಷಣಗಳನ್ನು ನೆನಪಿಟ್ಟುಕೊಳ್ಳಿ, ಗ್ಯಾರೇಜಿನಲ್ಲಿ ಇವನ್ನೇ ಹೇಳಬೇಕು. ಸುಮ್ನೆ "ಇಂಜಿನ್ ಸದ್ದು ಮಾಡ್ತಿದೆ" ಅಂದರೆ ಅವರು ಇಂಜಿನ್ ಬಿಚ್ಚುವ ಮಾತು ತೆಗೆಯುತ್ತಾರೆ.

ಒಬ್ಬರು ತೆಗೆದರು ಕೂಡ. ಬೇರಿಂಗ್ ಹೋಗಿದೆ, ಇಂಜಿನ್ ಕೆಲಸ ಮಾಡಿಸಿ ಅಂದರು. ಬೇರಿಂಗ್ ಸದ್ದು ಹೀಗಿರುವುದಿಲ್ಲ. ಅದು ದಪ್ಪ ಸದ್ದು, ಕೆಳಗಿಂದ ಬರುತ್ತದೆ. ಆಯಾ ಸಿಲಿಂಡರಿನ ಇಗ್ನಿಷನ್ ಕಾಯಿಲ್ ಪ್ಲಗ್ ಕಿತ್ತರೆ ಸದ್ದು ಬದಲಾಗುತ್ತದೆ. ನಮ್ಮದು ಬೇರೆ ಜಾತಿ, ನಾಕಿಂಗ್. ಸಿಲಿಂಡರಿನಲ್ಲಿ ಸ್ಪಾರ್ಕ್ ಹಚ್ಚಿದ ಬೆಂಕಿ ಹರಡುತ್ತಾ ಬರುವ ಮೊದಲೇ, ಮೂಲೆಯಲ್ಲಿ ಉಳಿದ ಪೆಟ್ರೋಲ್ ಮತ್ತು ಗಾಳಿ ಒತ್ತಡಕ್ಕೆ, ಶಾಖಕ್ಕೆ ತಾನಾಗಿಯೇ ಹತ್ತಿಕೊಳ್ಳುತ್ತದೆ. ಆ ಹೊಡೆತಕ್ಕೆ ಇಡೀ ಇಂಜಿನ್ ಬ್ಲಾಕ್ ನಡುಗುತ್ತದೆ. ಇಷ್ಟು ಅಗಲದ ಸಿಲಿಂಡರುಗಳಲ್ಲಿ ಆ ನಡುಕ 7-8 ಕಿಲೋಹರ್ಟ್ಜ್ ಆಸುಪಾಸು ಇರುತ್ತದೆ. ಹಾಗಾಗಿಯೇ ಅದು ತೆಳ್ಳಗಿನ ಲೋಹದ ಸದ್ದು. ವರ್ಷಗಟ್ಟಲೆ ಹೀಗೇ ಬಿಟ್ಟರೆ ಪಿಸ್ಟನ್ ತಲೆ ಸವೆಯುತ್ತದೆ, ರಿಂಗ್ ನಿಲ್ಲುವ ಅಂಚು ಮುರಿಯುತ್ತದೆ.

ನಾಕಿಂಗ್‌ಗೆ ಕಾರಣ ಹತ್ತಾರು. ಒಂದೊಂದೇ ನೋಡಿದ್ದಾಯಿತು. ಸ್ಪಾರ್ಕ್ ಪ್ಲಗ್ ಬದಲಾಯಿಸಿದೆವು, ಸರಿಯಾದ ಹೀಟ್ ರೇಂಜಿನದ್ದೇ (ಅಂದರೆ ಅತಿಯಾಗಿ ಕಾಯದ ಜಾತಿ). ಕಾರ್ಬನ್ ಕ್ಲೀನಿಂಗ್ ಮಾಡಿಸಿದ್ದು ದಂಡ. ಕಂಪ್ರೆಷನ್ ನಾಲ್ಕೂ ಸಿಲಿಂಡರಿನಲ್ಲಿ 170 ಪಿಎಸ್‌ಐ ಆಚೀಚೆ, ಅಂದರೆ ಕಾರ್ಬನ್ ತುಂಬಿ ಕಂಪ್ರೆಷನ್ ಏರಿಲ್ಲ. ಥರ್ಮೋಸ್ಟಾಟ್, ಫ್ಯಾನ್ ಸರಿ. ಪೆಟ್ರೋಲ್ ಕೂಡ ಬದಲಾಯಿಸಿ ನೋಡಿದೆ. ಆಗ ಬಂಕಿನ ಸಾದಾ ಪೆಟ್ರೋಲ್ 91 ಆಕ್ಟೇನಿನದು (ಆಕ್ಟೇನ್ ಅಂದರೆ ನಾಕಿಂಗ್ ತಡೆಯುವ ಶಕ್ತಿಯ ಅಳತೆ). ಎಕ್ಸ್‌ಪಿ95 (95 ಆಕ್ಟೇನಿನ ದುಬಾರಿ ಪೆಟ್ರೋಲ್) ಹಾಕಿದರೆ ಸದ್ದು ಅರ್ಧಕ್ಕೆ ಇಳಿಯಿತು, ಪೂರ್ತಿ ಹೋಗಲಿಲ್ಲ. ಲೀಟರಿಗೆ ಅಷ್ಟು ಜಾಸ್ತಿ ಕೊಟ್ಟು ಅರ್ಧ ಸದ್ದು ಕೇಳುವುದು ಯಾವ ಲೆಕ್ಕ, ಅಲ್ವಾ?

ಗುಟ್ಟು ಬಿಟ್ಟುಕೊಟ್ಟದ್ದು ಚೆಕ್ ಇಂಜಿನ್ ಲೈಟ್. ಅದು ಕೆಲವು ದಿನ ಉರಿಯುತ್ತಿತ್ತು, ಆಮೇಲೆ ತಾನಾಗಿ ಆರುತ್ತಿತ್ತು. ಸ್ಕ್ಯಾನರಿನಲ್ಲಿ ಪಿ0325, ಅಂದರೆ ನಾಕ್ ಸೆನ್ಸರ್ ಸರ್ಕ್ಯೂಟಿನ ದೂರು. ಎಲ್ಲರೂ ಸೆನ್ಸರ್ ಹೋಗಿದೆ ಎಂದರು. ಆದರೆ ವಿಚಿತ್ರ ಏನೆಂದರೆ, ಲೈಟ್ ಉರಿದ ದಿನ ನಾಕಿಂಗ್ ಇಲ್ಲ! ಕಾರು ಸೋಮಾರಿ, ಪಿಕಪ್ ಇಲ್ಲ, ಸದ್ದೂ ಇಲ್ಲ. ಲೈಟ್ ಆರಿದ ದಿನ ಪಿಕಪ್ ಉಂಟು, ಕಿಣಿಕಿಣಿಯೂ ಉಂಟು.

ಯೋಚಿಸಿದರೆ ಇದು ಸರಿಯಾಗಿಯೇ ಇದೆ. ನಾಕ್ ಸೆನ್ಸರ್ ಎಂದರೆ ಬ್ಲಾಕಿಗೆ ಬೋಲ್ಟ್ ಮಾಡಿದ ಪೀಜೋ ಬಿಲ್ಲೆ. ನಡುಕಕ್ಕೆ ತಕ್ಕಂತೆ ಸಣ್ಣ ವೋಲ್ಟೇಜ್ ಕೊಡುತ್ತದೆ. ಅದನ್ನು ಕೇಳಿ ಇಸಿಯು ಸ್ಪಾರ್ಕ್ ಟೈಮಿಂಗನ್ನು ಹಿಂದಕ್ಕೆ ಎಳೆಯುತ್ತದೆ, ಅಂದರೆ ಸ್ಪಾರ್ಕ್ ತುಸು ತಡವಾಗಿ ಹಚ್ಚುತ್ತದೆ, ಸದ್ದು ನಿಂತ ಮೇಲೆ ಮೆಲ್ಲಗೆ ಮುಂದಕ್ಕೆ ಬಿಡುತ್ತದೆ. ಸೆನ್ಸರನ್ನು ನಂಬುವ ಹಾಗಿಲ್ಲ ಎಂದು ಗೊತ್ತಾದರೆ ಲೈಟ್ ಹಾಕಿ, ಟೈಮಿಂಗನ್ನು ಸುರಕ್ಷಿತವಾಗಿ ಹಿಂದೆಯೇ ಇಡುತ್ತದೆ. ಹಾಗಾಗಿ ಲೈಟ್ ಉರಿದಾಗ ಸದ್ದಿಲ್ಲ. ನಮ್ಮ ತೊಂದರೆ ಲೈಟ್ ಆರಿದಾಗಿನದ್ದು. ಆಗ ಇಸಿಯು ಎಲ್ಲ ಸರಿ ಇದೆ ಅಂದುಕೊಂಡಿದೆ, ಆದರೆ ನಾಕಿಂಗ್ ಅದಕ್ಕೆ ಕೇಳಿಸುತ್ತಿಲ್ಲ.

ಸೆನ್ಸರ್ ಹೊಸದು ಹಾಕಿಸಿದೆವು. ಇಲ್ಲೊಂದು ಮಾತು. ಇದನ್ನು ಕೈಬಲಕ್ಕೆ ಬಿಗಿಯಬಾರದು. ಸುಮಾರು 20 ನ್ಯೂಟನ್ ಮೀಟರ್ ಟಾರ್ಕಿಗೆ, ತುಕ್ಕು ಒರೆಸಿದ ಜಾಗಕ್ಕೆ, ವಾಷರ್ ಇಲ್ಲದೆ ಕೂರಿಸಬೇಕು. ನಮ್ಮ ಮೆಕ್ಯಾನಿಕ್ ಟಾರ್ಕ್ ರೆಂಚ್ ತಂದು ಹಾಗೆಯೇ ಮಾಡಿದರು. ಆದರೂ ಸದ್ದು ಹಾಗೇ ಇತ್ತು. ಮಲ್ಟಿಮೀಟರಿನಲ್ಲಿ ಈ ಸೆನ್ಸರನ್ನು ಅಳೆದು ಏನೂ ತಿಳಿಯುವುದಿಲ್ಲ. ಒಳ್ಳೆಯದೂ ಮೀಟರಿಗೆ ಓಪನ್ ಥರವೇ, ತುಂಡಾದ ವೈರಿನ ಹಾಗೆ ಕಾಣುತ್ತದೆ.

ಆಗ ಸಿಕ್ಕವರು ಪುತ್ತೂರಿನ ಒಬ್ಬ ಆಟೋ ಎಲೆಕ್ಟ್ರಿಷಿಯನ್. ಅವರ ಕೆಲಸ ನೋಡುವುದೇ ಒಂದು ಚಂದ. ನನ್ನ ಹತ್ತಿರ ಇದ್ದ ಕಾರಿನ ಅಂಕಿಗಳನ್ನು ಫೋನಿಗೆ ಕಳಿಸುವ ಅಗ್ಗದ ಬ್ಲೂಟೂತ್ ಇಎಲ್‌ಎಂ327 ಡಾಂಗಲ್ಲನ್ನೇ ಹಾಕಿ, ಫೋನಿನಲ್ಲಿ ಟೈಮಿಂಗ್ ಅಡ್ವಾನ್ಸ್ ಅಂಕಿ ತೆರೆಯಲು ಹೇಳಿದರು. ನಾಕಿಂಗ್ ಕೇಳಿ ಇಸಿಯು ಎಷ್ಟು ಡಿಗ್ರಿ ಹಿಂದಕ್ಕೆ ಎಳೆದಿದೆ ಎಂಬುದು ಸಾಮಾನ್ಯ ಆ್ಯಪ್‌ನಲ್ಲಿ ಬರುವುದಿಲ್ಲ, ಅದು ಒಂದೊಂದು ಕಂಪನಿಗೆ ಒಂದೊಂದು ಥರ. ಆದರೆ ಟೈಮಿಂಗ್ ಎಲ್ಲದರಲ್ಲೂ ಬರುತ್ತದೆ. ಇಂಜಿನ್ 2000 ಆರ್‌ಪಿಎಂನಲ್ಲಿ ಹಿಡಿದು, ಸೆನ್ಸರ್ ಪಕ್ಕದ ಬ್ಲಾಕಿಗೆ ಸ್ಪ್ಯಾನರಿನಿಂದ ಟಕಟಕ ಬಡಿದರು. ಅಂಕಿ ಅಲುಗಲಿಲ್ಲ. ಪಕ್ಕದಲ್ಲಿ ಸರ್ವಿಸಿಗೆ ಬಂದಿದ್ದ ಅದೇ ಮಾಡೆಲಿನ ಇನ್ನೊಂದು ಕಾರಿಗೂ ಬಡಿದರು. ಅಲ್ಲಿ ಅಂಕಿ ತಕ್ಷಣ ಕೆಳಗಿಳಿದು, ನಿಧಾನಕ್ಕೆ ಮೇಲೆ ಬಂತು.

ಆಮೇಲೆ ಸ್ಕೋಪ್ ತಂದರು, ವೋಲ್ಟೇಜನ್ನು ಗೆರೆಯಾಗಿ ತೋರಿಸುವ ಉಪಕರಣ. ಇಸಿಯು ಪ್ಲಗ್ಗಿನ ಹಿಂದಿನಿಂದ, ನಾಕ್ ಸೆನ್ಸರಿನ ಎರಡು ಪಿನ್ನಿಗೆ ಸೂಜಿ ಚುಚ್ಚಿ ಮತ್ತೆ ಬಡಿದರು. ಸ್ಕ್ರೀನಿನಲ್ಲಿ ಪ್ರತಿ ಪೆಟ್ಟಿಗೂ ಗೆರೆ ಎದ್ದು ಕಂಪಿಸಿ ಅಡಗಿತು. ಸಿಗ್ನಲ್ ಇಸಿಯು ಬಾಗಿಲ ತನಕ ಬರುತ್ತಿದೆ. ಅವರು ನಗಾಡಿದರು. "ಹೇಳುವವ ಸರಿಯಾಗಿ ಹೇಳ್ತಾ ಇದ್ದಾನೆ ಸಾರ್. ಕೇಳುವವನಿಗೆ ಕಿವಿ ಇಲ್ಲ ಮಾರಾಯ್ರೆ!"

ಆದರೂ ಕೂಡಲೇ ಇಸಿಯು ಬದಲಿಸಿ ಎನ್ನಲಿಲ್ಲ. ಮೊದಲು ಇಸಿಯು ಅರ್ತ್ ವೈರ್ (ಬ್ಯಾಟರಿ ನೆಗೆಟಿವ್‌ಗೆ ಸೇರುವ ದಾರಿ) ನೋಡಿದರು. ಕಾರಿನ ಬಾಡಿಯ ಮೇಲೆ ಅದನ್ನು ಕೂರಿಸಿದ ಬೋಲ್ಟ್ ತುಕ್ಕು ಹಿಡಿದು 0.4 ವೋಲ್ಟ್ ಡ್ರಾಪ್ ಇತ್ತು. ಉಜ್ಜಿ ಕೂರಿಸಿದರೆ 0.1ಕ್ಕಿಂತ ಕಡಿಮೆ. ನಾಕಿಂಗ್ ಹಾಗೇ. ಆಗ ಮಾತ್ರ ಇಸಿಯು ಬಿಚ್ಚಿದರು. ನಮ್ಮ ಕಾರಿನಲ್ಲಿ ಅದು ಎಡಗಡೆ ಡ್ಯಾಶ್‌ಬೋರ್ಡಿನ ಕೆಳಗೆ, ಕಾಲಿಡುವ ಜಾಗದ ಬದಿಯಲ್ಲಿ. ಮುಚ್ಚಳ ತೆಗೆದಾಗ ಕನೆಕ್ಟರಿನ ಹಿಂದಿನ ಪಿನ್ನುಗಳ ಬುಡದಲ್ಲಿ ಹಸಿರು ಪುಡಿ. ಬೋರ್ಡಿನ ಮೇಲೆ ವೈರಿನ ಕೆಲಸ ಮಾಡುವ ಒಂದು ಟ್ರ್ಯಾಕ್ ತಿಂದುಹೋಗಿ ಕೂದಲೆಳೆಯಷ್ಟು ಉಳಿದಿತ್ತು.

ನೀರು ಬಂದದ್ದೆಲ್ಲಿಂದ? ಮುಂದಿನ ಗ್ಲಾಸಿನ ಕೆಳಗೆ, ವೈಪರ್ ಬುಡದಲ್ಲಿ ಮಳೆನೀರು ಹರಿದುಹೋಗುವ ತೂತು ಇರುತ್ತದೆ. ಮನೆ ಹಲಸಿನ ಮರದ ತರಗೆಲೆ ಅಲ್ಲಿ ಕೊಳೆತು ಕೆಸರಾಗಿ ಬೆಣೆ ಹಾಕಿದ ಹಾಗೆ ಕೂತಿತ್ತು. ನೀರು ದಾರಿ ತಪ್ಪಿ, ಬ್ಲೋವರ್ ಪಕ್ಕದಿಂದ ಇಳಿದು, ವೈರಿಂಗ್ ಹಿಡಿದುಕೊಂಡು ಇಸಿಯುಗೆ. ಕರಾವಳಿ, ಮಲೆನಾಡಿನಲ್ಲಿ ಕಾರು ಇಟ್ಟುಕೊಂಡವರು ಇವತ್ತೇ ಹೋಗಿ ಆ ತೂತು ನೋಡಿ. ಮ್ಯಾಟಿನ ಅಡಿ ಒದ್ದೆ ಇದ್ದರೆ ಇನ್ನೂ ಬೇಗ ನೋಡಿ.

ಇನ್ನು ವಿಮರ್ಶೆಯ ಅಸಲು ವಿಷಯ. ಮೂರು ದಾರಿ ಇತ್ತು. ಹೊಸ ಇಸಿಯು ಕೇಳಿದರೆ ಕೀ ಕೋಡಿಂಗ್ ಸೇರಿ ಐವತ್ತು ಸಾವಿರ ದಾಟುತ್ತದೆ ಎಂದರು, ಅದೂ ಆರ್ಡರ್ ಕೊಟ್ಟು ಕಾಯಬೇಕು. ಕಾರಿನ ಬೆಲೆಯೇ ಎಷ್ಟು ಈಗ! ಇದ್ದದ್ದನ್ನೇ ರಿಪೇರಿ ಮಾಡಿಸುವುದು ಅಗ್ಗ. ಒಬ್ಬರ ಹತ್ತಿರ ಮಾಡಿಸಿಯೂ ಆಯಿತು, ಟ್ರ್ಯಾಕಿಗೆ ವೈರ್ ಬೆಸುಗೆ ಹಾಕಿಕೊಟ್ಟರು. ಒಂದೆರಡು ತಿಂಗಳು ಚೆನ್ನಾಗಿ ಓಡಿತು. ಆಮೇಲೆ ಅದೇ ರಾಗ. ಒಳಗೆ ಸೇರಿದ ತುಕ್ಕು ಮುಂದುವರಿಯುತ್ತಲೇ ಇರುತ್ತದೆ, ಹಾಗಾಗಿ ನೀರು ಕುಡಿದ ಬೋರ್ಡಿಗೆ ರಿಪೇರಿ ನಾನು ಹೇಳುವುದಿಲ್ಲ.

ಉಳಿದದ್ದು ಗುಜರಿ ಇಸಿಯು. ಬೆಂಗಳೂರಿನ ಜೆ.ಸಿ. ರಸ್ತೆ ಕಡೆಯ ಒಬ್ಬ ವ್ಯಾಪಾರಿಯಿಂದ ಎಲೆಕ್ಟ್ರಿಷಿಯನ್ನೇ ತರಿಸಿದರು. ಸ್ಟಿಕ್ಕರಿನ ಮೇಲಿನ ಹಾರ್ಡ್‌ವೇರ್ ನಂಬರ್ ಅಕ್ಷರ ಬಿಡದೆ ಹೊಂದಬೇಕು. ನೋಡಲು ಒಂದೇ ಥರ ಇದೆ ಎಂದು ಒಪ್ಪಿಕೊಂಡರೆ ಕೆಲಸ ಕೆಟ್ಟಿತು. ಅದನ್ನು ಹಾಗೇ ಸಿಕ್ಕಿಸಿದರೆ ಕಾರು ಸ್ಟಾರ್ಟ್ ಆಗುವುದಿಲ್ಲ. ಕೀಯೊಳಗಿನ ಚಿಪ್ಪಿಗೂ ಇಸಿಯುಗೂ ಪರಿಚಯ ಇರಬೇಕು, ಅದೇ ಇಮೊಬಿಲೈಸರ್. ಹಾಗಾಗಿ ಹಳೆ ಬೋರ್ಡಿನ ಫ್ಲಾಶ್ ಮತ್ತು ಇಇಪ್ರಾಮ್ ಎಂಬ ಎರಡು ಮೆಮೊರಿಯನ್ನೂ ಓದಿ ತರಿಸಿದ ಇಸಿಯುಗೆ ಬರೆಯುತ್ತಾರೆ. ಇದಕ್ಕೆ ಕ್ಲೋನಿಂಗ್ ಎನ್ನುತ್ತಾರೆ. ನಮ್ಮ ಹಳೆ ಬೋರ್ಡ್ ಇನ್ನೂ ಓದಲು ಬರುತ್ತಿತ್ತು, ಅದೃಷ್ಟ. ಪೂರ್ತಿ ಸತ್ತಿದ್ದರೆ ಕೀ ಹೊಸದಾಗಿ ಜೋಡಿಸುವ ಖರ್ಚು ಬೇರೆ. ಇಸಿಯು, ಕ್ಲೋನಿಂಗ್, ಕೂಲಿ ಎಲ್ಲ ಸೇರಿ ಹದಿನೈದು ಸಾವಿರದ ಒಳಗೆ ಮುಗಿಯಿತು.

ಹಾಕಿದ ದಿನವೇ ಸ್ಪ್ಯಾನರ್ ಪರೀಕ್ಷೆ ಮತ್ತೆ ಮಾಡಿಸಿದೆ. ಅಂಕಿ ಇಳಿಯಿತು. ಮೊದಮೊದಲು ಐಡಲ್ ಏರುಪೇರು, ಗೇರ್ ಬದಲಿಸುವಾಗ ಸಣ್ಣ ಜರ್ಕ್. ಇಸಿಯು ಥ್ರಾಟಲ್, ಪೆಟ್ರೋಲ್ ಲೆಕ್ಕವನ್ನು ಹೊಸದಾಗಿ ಕಲಿಯಬೇಕಲ್ಲ. ಒಂದು ವಾರದ ಓಡಾಟದಲ್ಲಿ ಸರಿಹೋಯಿತು. ಸಂಪಾಜೆ ಏರಿನಲ್ಲಿ ಸಾದಾ ಪೆಟ್ರೋಲಿನಲ್ಲೇ, ಎಸಿ ಹಾಕಿಯೇ, ಮೂರನೇ ಗೇರಿನಲ್ಲಿ ಹೋಗುತ್ತೇನೆ. ಹೊಗೆ ತಪಾಸಣೆಯಲ್ಲೂ ತಕರಾರಿಲ್ಲ.

ಈಗ ಬಂಕುಗಳಲ್ಲಿ ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್ ಬಂದಿದೆ. ಇದರ ಆಕ್ಟೇನ್ 95, ಎಥನಾಲ್ ನಾಕಿಂಗಿಗೆ ಒಳ್ಳೆಯದೇ. ಹಾಗಾದರೆ ಸದ್ದು ಹೋದದ್ದು ಪೆಟ್ರೋಲಿನಿಂದಲ್ಲವೇ ಎಂದು ಗೆಳೆಯನೊಬ್ಬ ವಾದ ಮಾಡಿದ. ಇಲ್ಲ. ನಮ್ಮ ಬಂಕಿಗೆ ಇ20 ಬರುವ ಮೊದಲೇ ಸದ್ದು ನಿಂತಿತ್ತು. ಇ20ಯಿಂದ ಮೈಲೇಜ್ ಸ್ವಲ್ಪ ಇಳಿದಿದೆ. ಅದು ಬೇರೆ ಜಗಳ.

ಬೇಸರದ ವಿಷಯವೂ ಇದೆ. ಗುಜರಿ ಇಸಿಯುಗೆ ಮೂರು ತಿಂಗಳ ಬಾಯಿಮಾತಿನ ವಾರಂಟಿ ಬಿಟ್ಟರೆ ಕಾಗದದಲ್ಲಿ ಏನೂ ಇಲ್ಲ. ಅದು ಯಾವ ಕಾರಿನಿಂದ ಬಂತು, ಆ ಕಾರು ನೀರಲ್ಲಿ ಮುಳುಗಿತ್ತಾ ಎಂದು ಹೇಳುವವರಿಲ್ಲ. ಕ್ಲೋನ್ ಮಾಡುವ ಮೊದಲು ಮುಚ್ಚಳ ತೆಗೆಸಿ ಬೋರ್ಡ್ ನೋಡಲೇಬೇಕು, ನಾವು ನೋಡಿಯೇ ಒಪ್ಪಿದ್ದು. ಹೊಸ ಬಿಎಸ್6 ಕಾರುಗಳ ಇಸಿಯುಗೆ ಬೀಗ ಜಾಸ್ತಿ, ಅವಕ್ಕೆ ಈ ದಾರಿ ಇಷ್ಟು ಸುಲಭವಲ್ಲ.

ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಆ ಬಿಲ್ಲಿಗೆ, ಅದರಲ್ಲಿ ಇಸಿಯು ನಂಬರೇ ಬರೆದಿಲ್ಲ. ಕೇಳಿ ಬರೆಸಿಕೊಳ್ಳಿ, ಜೊತೆಗೆ ಕ್ಲೋನ್ ಮಾಡಿದ ಫೈಲನ್ನೂ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ.